ಆರು ಸಿಲಿಂಡರಿನ ಕಮಾರೊ ಕೊಟ್ಟ ಸ್ವಾತಂತ್ರ್ಯ

ನನ್ನ 1967ರ ಷೆವರ್ಲೆ ಕಮಾರೊದ ಚಾಲಕನ ಬಾಗಿಲು ತೆರೆದರೆ, ಕೀಲುಗಳನ್ನು ಹೊತ್ತ ಕಂಬದ ಮೇಲೆ ರಿವೆಟ್ ಹೊಡೆದು ಕೂರಿಸಿದ, ಕಾರಿನ ಗುರುತಿನ ಸಂಖ್ಯೆ (ವಿನ್) ಹೊತ್ತ ಪುಟ್ಟ ಲೋಹದ ಪಟ್ಟಿಯೊಂದು ಕಾಣುತ್ತದೆ. ಅದರ ಮೇಲಿರುವ 13 ಅಂಕೆ-ಅಕ್ಷರಗಳಲ್ಲಿ ಮೊದಲ ಐದು 12337. ಮೊದಲ 1 ಷೆವರ್ಲೆ ಎಂಬುದನ್ನು, 23 ಆರು ಸಿಲಿಂಡರಿನ ಕಮಾರೊ ಎಂಬುದನ್ನು, 37 ಗಟ್ಟಿ ಚಾವಣಿಯ ಎರಡು ಬಾಗಿಲಿನ ಬಾಡಿ ಎಂಬುದನ್ನು ಹೇಳುತ್ತವೆ. ಮುಂದಿನ 7 ಮಾದರಿ ವರ್ಷವನ್ನೂ, ಎನ್ ಅಕ್ಷರ ಒಹಾಯೊದ ನಾರ್ವುಡ್ ಕಾರ್ಖಾನೆಯನ್ನೂ ಸೂಚಿಸುತ್ತವೆ. ಎಂಟು ಸಿಲಿಂಡರಿನ ವಿ8 ಎಂಜಿನ್ ಹೊತ್ತು ಕಾರ್ಖಾನೆಯಿಂದ ಹೊರಬಿದ್ದ ಕಾರಾಗಿದ್ದರೆ 23ರ ಜಾಗದಲ್ಲಿ 24 ಇರುತ್ತಿತ್ತು. ಸಂಗ್ರಾಹಕರ ಲೆಕ್ಕದಲ್ಲಿ ಈ ಒಂದು ಅಂಕೆಯ ಅಂತರಕ್ಕೆ ಸಾವಿರಾರು ಡಾಲರುಗಳ ತೂಕವಿದೆ, ಮತ್ತು ಆ ತಕ್ಕಡಿಯಲ್ಲಿ ನನ್ನ ಕಾರು ಹಗುರವಾದದ್ದು. ನನಗೆ ಅದರಿಂದ ಬೇಸರವೇನೂ ಇಲ್ಲ. ಹಳೆಯ ಅಮೆರಿಕನ್ ಕಾರೊಂದನ್ನು ಬಿಚ್ಚಿ ಕೂತವನಿಗೆ ಎದುರಾಗುವ ಅತಿ ಕಷ್ಟದ ಪ್ರಶ್ನೆಗೆ, ಅಂದರೆ ಇದನ್ನು ಇದ್ದಂತೆಯೇ ಉಳಿಸಬೇಕೋ ಅಥವಾ ನನ್ನ ಮನಸ್ಸಿಗೆ ಬಂದಂತೆ ಬದಲಿಸಬಹುದೋ ಎಂಬುದಕ್ಕೆ, ಆ 23ರಲ್ಲಿನ 3 ಎಂಬ ಅಂಕೆಯೇ ಅರ್ಧ ಉತ್ತರ ಕೊಟ್ಟುಬಿಟ್ಟಿದೆ.

ಷೆವರ್ಲೆ ಆ ಮಾದರಿ ವರ್ಷದಲ್ಲಿ 2,20,906 ಕಮಾರೊಗಳನ್ನು ತಯಾರಿಸಿತು. ಅವುಗಳಲ್ಲಿ ರೇಸಿಗೆಂದೇ ರೂಪಿಸಿದ, ಇಂದು ಹರಾಜುಗಳಲ್ಲಿ ಜನ ಮುಗಿಬೀಳುವ ಜಡ್-28 ಕಾರುಗಳು ಕೇವಲ 602. ವಿಚಿತ್ರವೆಂದರೆ ಜಡ್-28 ಎಂದು ಹೇಳುವ ಯಾವ ಗುರುತೂ ವಿನ್ ಸಂಖ್ಯೆಯಲ್ಲಿ ಇಲ್ಲ. ಅದು ವಿ8 ಎಂದು ಹೇಳಿ ಸುಮ್ಮನಾಗುತ್ತದೆ. ಆದ್ದರಿಂದ 24 ಎಂಬ ಅಂಕೆಯುಳ್ಳ ಸಾಮಾನ್ಯ ಕಮಾರೊವನ್ನು ಜಡ್-28ರಂತೆ ಸಿಂಗರಿಸಿ ಮಾರುವುದು ಕಷ್ಟವಲ್ಲ, ಮತ್ತು ಹಾಗೆ ಮಾಡಿದವರಿಗೇನೂ ಕೊರತೆಯಿಲ್ಲ. ನಿಜವಾದದ್ದನ್ನು ಸಾಬೀತುಪಡಿಸಲು ಕಾಗದ ಬೇಕು: ಡೀಲರ್ ಕೊಟ್ಟ ರಸೀದಿ, ಗಾಜಿಗೆ ಅಂಟಿಸಿದ್ದ ಬೆಲೆಪಟ್ಟಿ, ಜೋಡಣೆಯ ಸಾಲಿನಲ್ಲಿ ಕಾರಿನ ಜೊತೆ ಸಾಗುತ್ತಿದ್ದ ಹಾಳೆ. ಈ ಕೊನೆಯದು ಕೆಲವೊಮ್ಮೆ ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಅಥವಾ ಸೀಟಿನ ಸ್ಪ್ರಿಂಗುಗಳ ನಡುವೆ ಅರೆಕೊಳೆತ ಸ್ಥಿತಿಯಲ್ಲಿ ಸಿಗುವುದುಂಟು, ಆದ್ದರಿಂದಲೇ ಹಳೆಯ ಸೀಟನ್ನು ಬಿಚ್ಚುವಾಗ ಅವಸರ ಸಲ್ಲದು. ಫೋರ್ಡ್ ಕಾರುಗಳವರಿಗೆ ಈ ಪಾಡಿಲ್ಲ. 1967ರಿಂದ ಮುಂದಿನ ಕಾರುಗಳ ತಯಾರಿಕೆಯ ದಾಖಲೆ ಉಳಿದುಕೊಂಡಿರುವುದರಿಂದ ಮಸ್ಟ್ಯಾಂಗ್ ಒಂದರ ವಿನ್ ಸಂಖ್ಯೆ ಕೊಟ್ಟರೆ ಅದು ಯಾವ ಬಣ್ಣದಲ್ಲಿ, ಯಾವ ಎಂಜಿನ್ನಿನೊಂದಿಗೆ, ಯಾವ ಸಲಕರಣೆಗಳೊಂದಿಗೆ ಹುಟ್ಟಿತೆಂಬ ವರದಿಯನ್ನು ಹಣ ಕೊಟ್ಟು ಪಡೆಯಬಹುದು. ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಷೆವರ್ಲೆಗಳಿಗೆ ಅಂಥ ಸೌಲಭ್ಯವಿಲ್ಲ.

ಎಂಜಿನ್ನಿನ ಸಾಕ್ಷ್ಯ ಇನ್ನೂ ಸೂಕ್ಷ್ಮವಾದದ್ದು. ಷೆವರ್ಲೆಯ ಸ್ಮಾಲ್ ಬ್ಲಾಕ್ ಎಂಬ ಚಿಕ್ಕ ಗಾತ್ರದ ವಿ8ರಲ್ಲಿ ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ ಬ್ಲಾಕಿನ, ಅಂದರೆ ಎಂಜಿನ್ನಿನ ಮುಖ್ಯ ಒಡಲಿನ, ಚಪ್ಪಟೆ ಜಾಗವೊಂದಿದ್ದು, ಅಲ್ಲಿ ಕಾರ್ಖಾನೆಯವರು ಎಂಜಿನ್ ಎಂಥದ್ದು, ಯಾವ ದಿನ ಜೋಡಿಸಿದ್ದು ಎಂಬುದನ್ನು ಉಳಿಯಲ್ಲಿ ಒತ್ತಿರುತ್ತಾರೆ. ಎಂಜಿನ್ ರಿಪೇರಿಗೆ ಕೊಟ್ಟಾಗ ಬ್ಲಾಕಿನ ಮೇಲ್ಮೈಯನ್ನು ಸಮತಟ್ಟು ಮಾಡುವುದು ಮಾಮೂಲಿ ಕೆಲಸ. ಆ ಕೆಲಸದಲ್ಲಿ ಆ ಗುರುತೂ ಅಳಿಸಿಹೋಗುತ್ತದೆ. ಮಿಷನ್ ಶಾಪಿನವರಿಗೆ ಮೊದಲೇ ಹೇಳದಿದ್ದರೆ ಅವರು ಅದನ್ನು ಉಳಿಸಲು ಕಾರಣವೇ ಇಲ್ಲ.

ಇನ್ನು ವಿನ್ ಪಟ್ಟಿಯ ವಿಷಯ. ಬಣ್ಣ ತೆಗೆಯುವಾಗ ಅಡ್ಡ ಬರುತ್ತದೆಂದು ಅದನ್ನು ಕಿತ್ತಿಡುವ ಮನಸ್ಸಾಗುವುದು ಸಹಜ, ಆದರೆ ವಿನ್ ಸಂಖ್ಯೆಯನ್ನು ತೆಗೆಯುವುದು ಅಥವಾ ತಿದ್ದುವುದು ಫೆಡರಲ್ ಕಾನೂನಿನ ಪ್ರಕಾರ ಐದು ವರ್ಷಗಳವರೆಗೆ ಜೈಲು ಶಿಕ್ಷೆಗೆ ಗುರಿಮಾಡಬಹುದಾದ ಅಪರಾಧ. ಅನಿವಾರ್ಯ ದುರಸ್ತಿಗೆ ವಿನಾಯಿತಿಯಿದೆ, ಆದರೂ ರಾಜ್ಯಗಳ ಕಾನೂನುಗಳು ಬೇರೆ ಬೇರೆ. ಕ್ಯಾನ್ಸಸ್ ರಾಜ್ಯದಲ್ಲಿ ಷೆವರ್ಲೆಯ ಸ್ಪೋರ್ಟ್ಸ್ ಕಾರಾದ 1959ರ ಕಾರ್ವೆಟ್ ಒಂದನ್ನು ಕೊಂಡವರು ಅದನ್ನು ನೋಂದಣಿಯ ತಪಾಸಣೆಗೆ ಒಯ್ದಾಗ, ಹಿಂದೆಂದೋ ನಡೆದ ಜೀರ್ಣೋದ್ಧಾರದಲ್ಲಿ ವಿನ್ ಪಟ್ಟಿಯನ್ನು ತೆಗೆದು ಮತ್ತೆ ಕೂರಿಸಲಾಗಿದೆಯೆಂಬ ಕಾರಣಕ್ಕೆ ಕಾರನ್ನೇ ವಶಪಡಿಸಿಕೊಳ್ಳಲಾಯಿತು. ಮಾಲೀಕರು ವರ್ಷಗಟ್ಟಲೆ ನ್ಯಾಯಾಲಯ ಅಲೆಯಬೇಕಾಯಿತು. ಕೊನೆಗೆ 2022ರಲ್ಲಿ ಆ ರಾಜ್ಯ ಹಳೆಯ ಕಾರುಗಳ ಜೀರ್ಣೋದ್ಧಾರಕ್ಕೆ ಅವಕಾಶವಾಗುವಂತೆ ತನ್ನ ಕಾನೂನನ್ನೇ ತಿದ್ದಿತು. ನಾನು ನನ್ನ ಪಟ್ಟಿಗೆ ಟೇಪು ಸುತ್ತಿ ಅದರ ಸುತ್ತ ಕೈಯಲ್ಲೇ ಉಜ್ಜಿದ್ದೇನೆ. ನಿಧಾನವಾದರೂ ನೆಮ್ಮದಿಯ ದಾರಿ ಅದು.

ಮೂಲಸ್ಥಿತಿಯ ಪಕ್ಷಪಾತಿಗಳು ಮಾರ್ಪಾಡು ಮಾಡುವವರನ್ನು ಕಂಡು ಹುಬ್ಬು ಗಂಟಿಕ್ಕುವುದು ನನಗೆ ಪೂರ್ತಿ ಅರ್ಥವಾಗದ ಸಂಗತಿ. ಅವರು ಪೂಜಿಸುವ ಜಡ್-28 ಹುಟ್ಟಿದ ಬಗೆಯನ್ನೇ ನೋಡಬೇಕು. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ಟ್ರಾನ್ಸ್-ಆಮ್ ಎಂಬ ಕಾರು ರೇಸುಗಳಲ್ಲಿ ಎಂಜಿನ್ ಗಾತ್ರಕ್ಕೆ 305 ಕ್ಯೂಬಿಕ್ ಇಂಚಿನ ಮಿತಿಯಿತ್ತು. ಷೆವರ್ಲೆಯ ಎಂಜಿನಿಯರುಗಳು 327 ಎಂಜಿನ್ನಿನ 4 ಇಂಚು ಬೋರಿನ (ಸಿಲಿಂಡರಿನ ಅಗಲದ) ಬ್ಲಾಕಿಗೆ 283 ಎಂಜಿನ್ನಿನ 3 ಇಂಚು ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರದ) ಕ್ರ್ಯಾಂಕನ್ನು ಹೊಂದಿಸಿ 302 ಕ್ಯೂಬಿಕ್ ಇಂಚಿನ ಎಂಜಿನ್ ಪಡೆದರು. ಅದರಿಂದ ಇದನ್ನು ಬಿಚ್ಚಿ ಇದಕ್ಕೆ ಅದನ್ನು ಸೇರಿಸುವ ಈ ಜಾಣ್ಮೆ ಕ್ಯಾಲಿಫೋರ್ನಿಯಾದ ಒಣ ಸರೋವರಗಳಲ್ಲಿ ಬಹಳ ಹಿಂದೆಯೇ ಬೆಳೆದದ್ದು. 1932ರಲ್ಲಿ ಫೋರ್ಡ್ ಕಂಪನಿ 221 ಕ್ಯೂಬಿಕ್ ಇಂಚು, 65 ಅಶ್ವಶಕ್ತಿಯ ವಿ8 ಎಂಜಿನ್ನನ್ನು ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ತಂದ ಮೇಲೆ, ಮುರಾಕ್ ಮತ್ತು ಎಲ್ ಮಿರಾಜ್ ಬಯಲುಗಳಲ್ಲಿ ಹುಡುಗರು ಮಡ್‌ಗಾರ್ಡು ಕಿತ್ತೆಸೆದು, ಕಾರ್ಬುರೇಟರ್ ಹೆಚ್ಚಿಸಿ, ವೇಗ ಅಳೆಯಲು ಸಾಲುಗಟ್ಟಿ ನಿಲ್ಲುತ್ತಿದ್ದರು; ಅವರ ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡರು. ಅಮೆರಿಕದ ಕಾರಿನ ಚರಿತ್ರೆಯಿಂದ ಮಾರ್ಪಾಡನ್ನು ಕಳೆದರೆ ಉಳಿಯುವುದು ಬಹಳ ನೀರಸವಾದ ಚರಿತ್ರೆ.

ಹಾಗೆಂದು ಎಲ್ಲವನ್ನೂ ಕತ್ತರಿಸಬಹುದೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯ ಬಣ್ಣ, ಕಾರ್ಖಾನೆಯ ಸೀಟು ಬಟ್ಟೆ, ತಪಾಸಣೆ ಮಾಡಿದವನು ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವಿನ ತಗಡು ಗೋಡೆಯಾದ ಫೈರ್‌ವಾಲ್ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ, ಇವೆಲ್ಲ ಇನ್ನೂ ಉಳಿದಿರುವ ಕಾರು ಸಿಕ್ಕರೆ ಅದನ್ನು ತೊಳೆದು, ಬ್ರೇಕು ಸರಿಪಡಿಸಿ, ಓಡಿಸುವುದಷ್ಟೇ ಸರಿ. ಅಂಥ ಕಾರನ್ನು ಹೊಳೆಯುವಂತೆ ಜೀರ್ಣೋದ್ಧಾರ ಮಾಡುವುದೂ ಒಂದು ಬಗೆಯ ನಾಶವೇ, ಮತ್ತು ಈ ಮಾತನ್ನು ನಾನು ಎಂಜಿನ್ ಬದಲಿಸುವವರಿಗಿಂತ ಪ್ರಶಸ್ತಿಗಾಗಿ ಕಾರು ಮಿನುಗಿಸುವವರಿಗೆ ಹೆಚ್ಚಾಗಿ ಹೇಳಬಯಸುತ್ತೇನೆ. ನಾರ್ವುಡ್ಡಿನಲ್ಲಿ ಯಾವ ಕಮಾರೊವೂ ಕನ್ನಡಿಯಂಥ ಬಣ್ಣದಲ್ಲಿ ಹೊರಬಿದ್ದಿಲ್ಲ. ಬಾಗಿಲಿನ ಸಂದುಗಳು ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿರುತ್ತಿದ್ದವು, ಒಳಮೂಲೆಗಳಲ್ಲಿ ಬಣ್ಣ ತೆಳುವಾಗಿ ಹಾರಿ ಬಿದ್ದಿರುತ್ತಿತ್ತು. ನನ್ನ ಕಾರಿನಂಥ, ಲಕ್ಷಗಟ್ಟಲೆ ತಯಾರಾದ, ದಾಖಲೆಯೂ ಮೂಲ ಬಣ್ಣವೂ ಎಂದೋ ಕಳೆದುಹೋದ ಕಾರುಗಳ ಮಾತು ಬೇರೆ. ಅಲ್ಲಿ ನಾನು ಪಾಲಿಸುವ ನಿಯಮ ಒಂದೇ: ಬೋಲ್ಟು ಬಿಚ್ಚಿ ಹಾಕಬಹುದಾದ ಮಾರ್ಪಾಡಿಗೆ ಧಾರಾಳ ಒಪ್ಪಿಗೆ, ಗರಗಸ ಬೇಡುವ ಮಾರ್ಪಾಡಿಗೆ ಬಲವಾದ ಕಾರಣ ಬೇಕು.

ಯಾವ ದಾರಿ ಹಿಡಿದರೂ ಮೊದಲು ಎದುರಾಗುವುದು ತುಕ್ಕು. ಒಹಾಯೊ, ಮಿಷಿಗನ್, ನ್ಯೂಯಾರ್ಕ್ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕೆಳಗಿನಿಂದ ಕಾರನ್ನು ತಿನ್ನುತ್ತದೆ. ಅರಿಜೋನಾದ ಕಾರುಗಳು ಒಣಗಿರುತ್ತವೆ, ಆದರೆ ಅವುಗಳ ಡ್ಯಾಷ್‌ಬೋರ್ಡು, ರಬ್ಬರು, ಸೀಟು ಎಲ್ಲವೂ ಬಿಸಿಲಿಗೆ ಬೆಂದು ಪುಡಿಯಾಗಿರುತ್ತವೆ. ಎರಡರಲ್ಲಿ ಆಯ್ಕೆಯಿದ್ದರೆ ಕಣ್ಣುಮುಚ್ಚಿ ಅರಿಜೋನಾದ್ದನ್ನು ಕೊಳ್ಳಿ, ಯಾಕೆಂದರೆ ಸೀಟಿನ ಬಟ್ಟೆ ಅಂಗಡಿಯಲ್ಲಿ ಸಿಗುತ್ತದೆ. ಮೊದಲ ತಲೆಮಾರಿನ ಕಮಾರೊದಲ್ಲಿ ಬಾಡಿಯ ಹಿಂಭಾಗ ಷಾಸಿಯಿಲ್ಲದ ಒಂದೇ ಒಡಲು, ಮುಂಭಾಗದಲ್ಲಿ ಮಾತ್ರ ಬೋಲ್ಟು ಹಾಕಿ ಕೂರಿಸಿದ ಸಬ್‌ಫ್ರೇಮ್. ಹೀಗಾಗಿ ನೆಲದ ತಗಡು, ಬಾಗಿಲ ಕೆಳಗಿನ ರಾಕರ್ ಪೆಟ್ಟಿಗೆ, ಹಿಂಬದಿಯ ಉದ್ದ ತೊಲೆಗಳು ಬರೀ ಹೊದಿಕೆಯಾಗಿರದೆ ಕಾರಿನ ಎಲುಬುಗಳೇ ಆಗಿವೆ. ಮುಂಗಾಜಿನ ಕೆಳಗಿನ ಗಾಳಿಪೆಟ್ಟಿಗೆಯಲ್ಲಿ ಎಲೆ ಸೇರಿ ಕೊಳೆತರೆ ಅಲ್ಲಿ ನಿಂತ ನೀರು ಪ್ರಯಾಣಿಕರ ಕಾಲ ಬಳಿಗೆ ಇಳಿಯುತ್ತದೆ, ಹಿಂಗಾಜಿನ ಚೌಕಟ್ಟು ತೂತಾದರೆ ಡಿಕ್ಕಿಯ ನೆಲ ಹೋಗುತ್ತದೆ. ತುಕ್ಕು ಕಂಡಲ್ಲಿ ಅದು ಹುಟ್ಟಿರುವುದಿಲ್ಲ. ನೀರು ಎಲ್ಲಿಂದ ಬಂತೆಂದು ಮೇಲಕ್ಕೆ ಹುಡುಕುತ್ತಾ ಹೋಗಬೇಕು.

ತಗಡು ಬದಲಿಸುವ ಕೆಲಸದಲ್ಲಿ ಕತ್ತರಿಸುವುದಕ್ಕಿಂತ ಅಳತೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಬಾಗಿಲಿನ ಜಾಗಕ್ಕೆ ಕಬ್ಬಿಣದ ಅಡ್ಡಪಟ್ಟಿ ಬೆಸೆಯದೆ ನೆಲವನ್ನೋ ರಾಕರನ್ನೋ ಕತ್ತರಿಸಿದರೆ ಬಾಡಿ ನಡು ಬಾಗುತ್ತದೆ, ಆಮೇಲೆ ಬಾಗಿಲು ಎಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಕಾರ್ಖಾನೆಯ ಸ್ಪಾಟ್ ವೆಲ್ಡುಗಳನ್ನು ಅವಕ್ಕೆಂದೇ ಇರುವ ಡ್ರಿಲ್ ಬಿಟ್ಟಿನಿಂದ ಒಂದೊಂದಾಗಿ ಕೊರೆದು ಬಿಡಿಸಬೇಕು. ಹೊಸ ತಗಡಿಗೆ ರಂಧ್ರ ಹೊಡೆದು ಆ ರಂಧ್ರಗಳನ್ನೇ ಬೆಸುಗೆಯಿಂದ ತುಂಬಬೇಕು. ಹೊರಗಿನ ದೊಡ್ಡ ಫಲಕಗಳನ್ನು ಒಂದೇ ಎಳೆತಕ್ಕೆ ಬೆಸೆಯಲು ಹೋದರೆ ಶಾಖಕ್ಕೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ, ಆದ್ದರಿಂದ ಇಲ್ಲೊಂದು ಚುಕ್ಕೆ, ಮೊಳ ದೂರದಲ್ಲಿ ಇನ್ನೊಂದು ಚುಕ್ಕೆ ಹಾಕಿ, ತಣಿಯಲು ಬಿಟ್ಟು, ಮತ್ತೆ ಬರಬೇಕು. ಬಣ್ಣ ತೆಗೆಯಲು ಮರಳು ಚಿಮ್ಮಿಸಿದರೂ ತಗಡು ಸೊಟ್ಟಗಾಗುವ ಅಪಾಯವಿದೆ. ಮರಳು ಸಬ್‌ಫ್ರೇಮಿಗೆ ಸರಿ, ಚಾವಣಿಗೂ ಬಾನೆಟ್ಟಿಗೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿ ಬೆಸೆಯುವ ಮುನ್ನ ಬಾಗಿಲು, ಫೆಂಡರು, ಡಿಕ್ಕಿ ಮುಚ್ಚಳ, ಗಾಜಿನ ಚೌಕಟ್ಟು ಎಲ್ಲವನ್ನೂ ತಾತ್ಕಾಲಿಕವಾಗಿ ಕೂರಿಸಿ ಸಂದುಗಳನ್ನು ನೋಡಬೇಕು. ಈಗ ಈ ಕಾರಿನ ಬಹುತೇಕ ಎಲ್ಲ ತಗಡೂ ಹೊಸದಾಗಿ ಸಿಗುತ್ತದೆ, ಪೂರ್ತಿ ಬಾಡಿಯೇ ಸಿಗುತ್ತದೆ. ಆದರೆ ಹೊಸ ಬಾಡಿಗೆ ಹಳೆಯ ವಿನ್ ಪಟ್ಟಿಯನ್ನು ವರ್ಗಾಯಿಸುವುದು ಮೇಲೆ ಹೇಳಿದ ಕಾನೂನಿನ ಸುಳಿಗೆ ತಾನಾಗಿಯೇ ತಲೆಕೊಟ್ಟಂತೆ.

ಬಾಡಿ ಗಟ್ಟಿಯಾದ ಮೇಲೆ ಎಲ್ಲರೂ ಎಂಜಿನ್ನಿನ ಕಡೆ ಓಡುತ್ತಾರೆ. ನಾನು ಬ್ರೇಕಿನ ಕಡೆ ಹೋಗಿ ಎನ್ನುವವನು. 1967ರ ಕಮಾರೊದಲ್ಲಿ, ಪೆಡಲ್ ಒತ್ತಿದಾಗ ಬ್ರೇಕಿನ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಎರಡು ಕೋಣೆಗಳಿವೆ, ಅಂದರೆ ಒಂದು ಕಡೆ ಸೋರಿದರೂ ಇನ್ನೊಂದು ಕಡೆ ಬ್ರೇಕು ಉಳಿಯುತ್ತದೆ. ಅದಕ್ಕಿಂತ ಹಿಂದಿನ ಬಹುಪಾಲು ಅಮೆರಿಕನ್ ಕಾರುಗಳಲ್ಲಿ ಕೋಣೆ ಒಂದೇ, ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಅಂಥ ಹಳೆಯ ಕಾರಿಟ್ಟುಕೊಂಡವರು ಮೂಲಸ್ಥಿತಿಯ ಹಟ ಬಿಟ್ಟು ಈ ಒಂದು ಭಾಗವನ್ನಾದರೂ ಬದಲಿಸಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಕಾರಿನಲ್ಲಿ ನಾಲ್ಕೂ ಕಡೆ ಡ್ರಮ್ ಬ್ರೇಕುಗಳಿದ್ದು, ಉದ್ದನೆಯ ಇಳಿಜಾರಿನಲ್ಲಿ ಅವು ಕಾದು ಹಿಡಿತ ಬಿಡುತ್ತಿದ್ದವು. ಮುಂಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕುವುದು ಬೋಲ್ಟಿನ ಕೆಲಸ, ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಡಿಸ್ಕಿಗೆ ತಕ್ಕ ಮಾಸ್ಟರ್ ಸಿಲಿಂಡರ್ ಬೇಕು. ಹಿಂದಿನ ಡ್ರಮ್ಮುಗಳು ಮೊದಲೇ ಕಚ್ಚಿ ಹಿಂಬದಿ ಜಾರದಂತೆ ಒತ್ತಡ ಹಂಚುವ ವಾಲ್ವ್ ಬೇಕು. ಕಾಲಿನ ಬಲ ಸಾಲದೆಂದು ಬೂಸ್ಟರ್ ಹಾಕಿದರೆ ಅದಕ್ಕೆ ಎಂಜಿನ್ನಿನ ನಿರ್ವಾತ ಬೇಕು. ಮುಂದೆ ಎಂದಾದರೂ ಗುಡುಗುಡು ಸದ್ದಿನ ಆಸೆಗೆ ವಾಲ್ವುಗಳನ್ನು ಹೆಚ್ಚು ತೆರೆಯುವ ದೊಡ್ಡ ಕ್ಯಾಮ್ ಹಾಕಿದರೆ ಆ ನಿರ್ವಾತವೇ ಕುಸಿದು ಬೂಸ್ಟರ್ ಕೈಕೊಡುತ್ತದೆ. ಎಂಜಿನ್ ಎಂಥದ್ದೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳದೆ ಬ್ರೇಕಿನ ಭಾಗಗಳನ್ನು ಕೊಳ್ಳಬಾರದೆನ್ನುವುದು ಅದಕ್ಕೇ.

ಸಸ್ಪೆನ್ಷನ್ನಿನಲ್ಲಿ ನನ್ನ ನಿಯಮಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. ಈ ಕಾರನ್ನು ರೂಪಿಸಿದ್ದು ಹಳೆಯ ಬಯಾಸ್-ಪ್ಲೈ ಟೈರುಗಳಿಗಾಗಿ. ಇಂದಿನ ರೇಡಿಯಲ್ ಟೈರು ಹಾಕಿದರೆ ಮುಂಚಕ್ರದ ಓರೆಗಳನ್ನು ಬೇರೆಯಾಗಿ ಹೊಂದಿಸಬೇಕು, ಇಲ್ಲದಿದ್ದರೆ ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಅಲೆಯುತ್ತದೆ. ರೇಸುಗಾರ ಡಿಕ್ ಗುಲ್ಡ್‌ಸ್ಟ್ರಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಮಾರ್ಪಾಡೊಂದಿದೆ: ಮುಂಚಕ್ರವನ್ನು ಹಿಡಿದಿಡುವ ಮೇಲಿನ ತೋಳು, ಅಂದರೆ ಕಂಟ್ರೋಲ್ ಆರ್ಮ್, ಕೂರುವ ಜಾಗವನ್ನು ಸ್ವಲ್ಪ ಕೆಳಕ್ಕೂ ಹಿಂದಕ್ಕೂ ಸರಿಸಿ ಹೊಸ ರಂಧ್ರ ಕೊರೆಯುವುದು. ಮಸ್ಟ್ಯಾಂಗಿನವರು ರೇಸುಗಾರ ಕ್ಯಾರಲ್ ಶೆಲ್ಬಿಯ ಹೆಸರಿನಲ್ಲಿ ಮಾಡುವ, ಮೇಲಿನ ಆರ್ಮನ್ನು ಒಂದಿಂಚು ಇಳಿಸುವ ಕೆಲಸವೂ ಇದೇ ಜಾತಿಯದು. ಎರಡೂ ಅಗ್ಗ, ಎರಡರ ಪರಿಣಾಮವೂ ತಿರುವಿನಲ್ಲಿ ಕೂಡಲೇ ತಿಳಿಯುತ್ತದೆ. ನಾನಾದರೋ ರಂಧ್ರ ಕೊರೆಯದೆ, ಎತ್ತರದ ಬಾಲ್ ಜಾಯಿಂಟುಗಳೂ ಹೊಸ ಆರ್ಮುಗಳೂ ಇರುವ ಸೆಟ್ಟನ್ನು ಹೆಚ್ಚು ದುಡ್ಡು ಕೊಟ್ಟು ತಂದು ಅದೇ ಗುಣವನ್ನು ಪಡೆದೆ. ಹಿಂಬದಿಯಲ್ಲಿ 1967ರ ಮಾದರಿಯ ಒಂಟಿ ಪಟ್ಟಿಯ ಸ್ಪ್ರಿಂಗು ಇತ್ತು. ಜೋರಾಗಿ ಹೊರಡುವಾಗ ಆಕ್ಸಲ್ ಕುಪ್ಪಳಿಸುವ ಅದರ ದುರ್ಗುಣ ಎಲ್ಲರಿಗೂ ಗೊತ್ತು, ಅದರ ಬದಲಿಗೆ ಹಲವು ಪಟ್ಟಿಗಳ ಸ್ಪ್ರಿಂಗು ಹಾಕುವಾಗ ಎರಡನೆಯ ಯೋಚನೆಯೇ ಬೇಕಾಗಲಿಲ್ಲ.

ಎಂಜಿನ್ ವಿಷಯದಲ್ಲಿ ಇಂದು ಹತ್ತರಲ್ಲಿ ಏಳೆಂಟು ಮಂದಿ ಕೊಡುವ ಸಲಹೆ, 1997ರ ಕಾರ್ವೆಟ್ಟಿನೊಂದಿಗೆ ಬಂದ ಎಲ್‌ಎಸ್ ಕುಟುಂಬದ ವಿ8 ಹಾಕಿ ಎಂಬುದು. ಸಲಹೆ ಕೆಟ್ಟದ್ದಲ್ಲ. ಅದು ಹಗುರ, ಬಲಶಾಲಿ, ಚಳಿಯ ಬೆಳಗಿನಲ್ಲೂ ಒಂದೇ ತಿರುವಿಗೆ ಹೊತ್ತಿಕೊಳ್ಳುತ್ತದೆ. ಆದರೆ ಹಳೆಯ ಎಂಜಿನ್ನಿನ ಪಂಪು ಚದರ ಇಂಚಿಗೆ ಆರೇಳು ಪೌಂಡು, ಅಂದರೆ ಆರೇಳು ಪಿಎಸ್‌ಐ ಒತ್ತಡದಲ್ಲಿ ಕಾರ್ಬುರೇಟರಿಗೆ ಪೆಟ್ರೋಲ್ ತಳ್ಳುತ್ತಿದ್ದರೆ, ಎಲ್‌ಎಸ್‌ಗೆ ಸುಮಾರು 58 ಪಿಎಸ್‌ಐ ಬೇಕು. ಅಂದರೆ ಟ್ಯಾಂಕಿನೊಳಗೆ ಪಂಪು, ಹೊಸ ಪೈಪುಗಳು, ಅದನ್ನಾಳುವ ಕಂಪ್ಯೂಟರು, ಅದರ ತಂತಿಯ ಜಾಲ, ಸಬ್‌ಫ್ರೇಮಿಗೆ ಹೊಂದುವ ಆಯಿಲ್ ಪ್ಯಾನು. ನಾನು 1955ರಿಂದ ಬಂದ ಸ್ಮಾಲ್ ಬ್ಲಾಕಿನ ವಂಶದ 350 ಎಂಜಿನ್ನನ್ನು ಆರಿಸಿಕೊಂಡೆ, ಏಕೆಂದರೆ ಅದು ಈ ಕಾರಿಗೆ ಬೋಲ್ಟುಗಳಲ್ಲೇ ಕೂರುತ್ತದೆ, ಮತ್ತು ಅದರ ದನಿ ಬೇರೆ. ಎಂಟು ಸಿಲಿಂಡರುಗಳು 1-8-4-3-6-5-7-2 ಎಂದು ಒಂದಾದ ಮೇಲೊಂದು ಉರಿಯುವ ಹಳೆಯ ಸರದಿಯನ್ನು ಎಲ್‌ಎಸ್‌ನಲ್ಲಿ ಬದಲಿಸಿದ್ದಾರೆ. ಆ ಬದಲಾವಣೆ ಕಿವಿಗೆ ತಿಳಿಯುತ್ತದೆಂದು ನಾನು ವಾದಿಸಿದಾಗ ನಗುವ ಗೆಳೆಯರಿದ್ದಾರೆ. ಕ್ಯಾಮ್ ಮಾತ್ರ ಹಳೆಯ ಚಪ್ಪಟೆ ಟ್ಯಾಪೆಟ್ಟಿನದಲ್ಲ (ಟ್ಯಾಪೆಟ್ಟೆಂದರೆ ಕ್ಯಾಮಿನ ಮೇಲೆ ಕೂತು ವಾಲ್ವನ್ನು ತಳ್ಳುವ ತುಂಡು), ಉಜ್ಜುವ ಬದಲು ಉರುಳುವ ರೋಲರ್ ಬಗೆಯದು. ಇಂದಿನ ಎಂಜಿನ್ ಆಯಿಲುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರುಗಳ ಹಿತಕ್ಕಾಗಿ ಸತು-ರಂಜಕದ ಅಂಶ ಕಡಿಮೆ ಮಾಡಿರುವುದರಿಂದ ಚಪ್ಪಟೆ ಟ್ಯಾಪೆಟ್ಟುಗಳು ಬೇಗ ಸವೆಯುತ್ತವೆ. ವಾಲ್ವ್ ಸೀಟುಗಳನ್ನು ಸವೆತದಿಂದ ಕಾಯುತ್ತಿದ್ದ ಸೀಸವಿದ್ದ ಪೆಟ್ರೋಲ್ ರಸ್ತೆಯ ವಾಹನಗಳಿಗೆ 1996ರಿಂದ ನಿಷಿದ್ಧವಾದ್ದರಿಂದ ವಾಲ್ವ್ ಕೂರುವ ಸೀಟುಗಳೂ ಗಟ್ಟಿಮಾಡಿದವೇ ಇರಬೇಕು, ಎಥನಾಲ್ ಬೆರೆತ ಇಂಧನಕ್ಕೆ ಹಳೆಯ ರಬ್ಬರು ಕೊಳವೆಗಳು ತಾಳುವುದಿಲ್ಲ. ಕಾರಿನ ಸ್ವಂತ 230 ಕ್ಯೂಬಿಕ್ ಇಂಚಿನ, 140 ಅಶ್ವಶಕ್ತಿಯ ಆರು ಸಿಲಿಂಡರಿನ ಎಂಜಿನ್ನಿಗೆ ಎಣ್ಣೆ ಬಿಟ್ಟು, ಬಾಯಿಗಳನ್ನೆಲ್ಲ ಮುಚ್ಚಿ ಎತ್ತಿಟ್ಟಿದ್ದೇನೆ.

ನಿಜಕ್ಕೂ ಓಡಿಸುವ ಸುಖವನ್ನು ಬದಲಿಸಿದ್ದು ಗೇರ್‌ಬಾಕ್ಸು. ಹಿಂದಿನ ಆಕ್ಸಲ್ಲಿನ ಅನುಪಾತ 3.73, ಟೈರಿನ ಎತ್ತರ 26 ಇಂಚು ಇದ್ದರೆ, ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಗಂಟೆಗೆ 70 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,370 ಸುತ್ತು ತಿರುಗಬೇಕು. ಪಕ್ಕದವರೊಡನೆ ಮಾತಾಡಲು ಕೂಗಬೇಕು. ಟ್ರೆಮೆಕ್ ಕಂಪನಿಯ ಐದು ಗೇರಿನ ಟಿಕೆಎಕ್ಸ್ ಪೆಟ್ಟಿಗೆಯಲ್ಲಿ ಐದನೆಯ ಗೇರಿನ ಅನುಪಾತ 0.68 ಇರುವುದರಿಂದ ಅದೇ ವೇಗಕ್ಕೆ 2,300 ಸುತ್ತು ಸಾಕು. ಅದೇ ಕಂಪನಿಯ ಹಿಂದಿನ ಪೆಟ್ಟಿಗೆಗಿಂತ ಇದು ಅಡಕವಾಗಿದ್ದು, ನೆಲದ ಸುರಂಗವನ್ನು ಕತ್ತರಿಸದೆಯೇ ಒಳಗೆ ಕೂತಿತು. ಇಷ್ಟೆಲ್ಲ ಬದಲಿಸಿದರೂ ಮಾಲಿನ್ಯ ತಪಾಸಣೆಯ ಗೊಡವೆಯಿಲ್ಲ. ಕಟ್ಟುನಿಟ್ಟಿಗೆ ಹೆಸರಾದ ಕ್ಯಾಲಿಫೋರ್ನಿಯಾ ಕೂಡ 1975 ಮತ್ತು ಅದಕ್ಕಿಂತ ಹಿಂದಿನ ಕಾರುಗಳನ್ನು ಅದರಿಂದ ಬಿಟ್ಟಿದೆ. ವಿದ್ಯುತ್ ಮೋಟಾರು ಹಾಕುವವರೂ ಈಗ ಇದ್ದಾರೆ. ಬ್ಯಾಟರಿಗೆ ಜಾಗ ಮಾಡಲು ಬಾಡಿಯನ್ನು ಎಷ್ಟು ಕತ್ತರಿಸಬೇಕಾಗುತ್ತದೆ ಎಂಬುದರ ಮೇಲೆ ಅವರ ಕಾರುಗಳ ಬಗ್ಗೆ ನನ್ನ ಮೆಚ್ಚುಗೆ ಏರುತ್ತದೆ, ಇಳಿಯುತ್ತದೆ.

ಉಳಿದದ್ದು ಬಣ್ಣ. ಫೈರ್‌ವಾಲಿಗೆ ಹೊಡೆದಿರುವ ಬಾಡಿ ತಯಾರಿಸಿದ ಫಿಷರ್ ಬಾಡಿ ಸಂಸ್ಥೆಯ ಗುರುತಿನ ತಗಡಿನ ಪ್ರಕಾರ ಈ ಕಾರು ಹುಟ್ಟಿದ್ದು ಬಟರ್‌ನಟ್ ಎಂಬ ಮಂಕು ಹಳದಿಯಲ್ಲಿ, ಮತ್ತು ಮೇಲ್ಭಾಗದ ಬಣ್ಣದ ಅಕ್ಷರವಿರಬೇಕಾದ ಕಡೆ ಅಂಕೆಯಿರುವುದರಿಂದ ಚಾವಣಿಗೆ ವಿನೈಲ್ ಹೊದಿಕೆಯಿತ್ತು. ಹಳದಿಯನ್ನು ಅದೇ ಛಾಯೆಯಲ್ಲಿ ಹೊಡೆಸುತ್ತೇನೆ, ಹಳೆಯ ಅಕ್ರಿಲಿಕ್ ಲ್ಯಾಕರ್ ಬಿರುಕುಬಿಡುವ ಸ್ವಭಾವದ್ದಾದ್ದರಿಂದ ಯುರೆಥೇನಿನಲ್ಲಿ. ವಿನೈಲನ್ನು ಮಾತ್ರ ಮತ್ತೆ ಹಾಕುವುದಿಲ್ಲ. ಹಿಂಗಾಜಿನ ಸುತ್ತ ನೀರು ಹಿಡಿದಿಟ್ಟು ಈ ಕಾರಿನ ಡಿಕ್ಕಿಯ ನೆಲವನ್ನು ತಿಂದದ್ದು ಆ ಹೊದಿಕೆಯೇ, ಅದರ ಅಂಚುಪಟ್ಟಿ ಹಿಡಿಯಲು ಕೊರೆದಿದ್ದ ಸಣ್ಣ ರಂಧ್ರಗಳ ಸುತ್ತಲೇ ತುಕ್ಕು ದಪ್ಪಗೆ ಕೂತಿತ್ತು. ಆ ರಂಧ್ರಗಳನ್ನು ಬೆಸೆದು ಮುಚ್ಚಿದ್ದೇನೆ. ತಗಡು ಹೇಳುವುದಕ್ಕೂ ಚಾವಣಿ ತೋರುವುದಕ್ಕೂ ಇನ್ನು ತಾಳೆಯಾಗುವುದಿಲ್ಲವೆಂದು ಗೊತ್ತಿದ್ದೇ ಮಾಡಿದ ಕೆಲಸ ಅದು. ಪ್ರತಿ ರಂಧ್ರದ ಜಾಗವನ್ನು ಅಳತೆಪಟ್ಟಿಯಿಟ್ಟು ಫೋಟೊ ತೆಗೆದು, ಕಾರಿನ ಕಾಗದಗಳ ಜೊತೆ ಸೇರಿಸಿದ್ದೇನೆ. ಮುಂದೆ ಇದನ್ನು ಕೊಳ್ಳುವವರಿಗೆ ವಿನೈಲ್ ಬೇಕೇಬೇಕೆನಿಸಿದರೆ ಅವರು ಅದೇ ಜಾಗದಲ್ಲಿ ಮತ್ತೆ ಕೊರೆದುಕೊಳ್ಳಬಹುದು.